ಪ್ರೇಕ್ಷಕನ ಹಣವೂ ಪ್ರೇಕ್ಷಕನ ಹಕ್ಕೂ

೧

ನಾಟ್ಯಪ್ರಯೋಗವು ಗೆದ್ದಿತೆಂಬುದನ್ನು ತಿಳಿಯತಕ್ಕ ಗುರುತುಗಳನ್ನು ಭರತನು ನಾಟ್ಯಶಾಸ್ತ್ರದಲ್ಲಿ ಒಂದೊಂದಾಗಿ ಎಣಿಸಿದ್ದಾನೆ. ನೋಟಕರ ಮುಗುಳ್ನಗೆ, ನಗು, ಮೆಚ್ಚುಮಾತು ಇವು ವಾಕ್ಕಿನಿಂದ ತೋರುವ ಸಿದ್ಧಿ. ರೋಮಾಂಚ, ಕುಳಿತಲ್ಲಿಂದ ಎದ್ದುನಿಲ್ಲುವುದು, ಮೈಮೇಲಿನ ವಸ್ತ್ರವನ್ನು ನಟನಿಗೆ ತೆಗೆದುಕೊಡುವುದು ಇವು ಶರೀರದಿಂದ ತೋರುವ ಸಿದ್ಧಿ. ಪ್ರೇಕ್ಷಕನು ಕೊಡುವ ವಸ್ತುವು ಶಾಸ್ತ್ರಕಾರನ ಎಣಿಕೆಯಲ್ಲಿ ರೋಮಾಂಚದ ಪಕ್ಕದಲ್ಲಿಯೇ ನಿಂತಿರುವುದನ್ನು ವಾಚಕರು ಗಮನಿಸಬೇಕು. ಅದು ಬೆಲೆಯಲ್ಲ, ಕೂಲಿಯೂ ಅಲ್ಲ. ರಸವು ಒಳಗೆ ತುಂಬಿ ಹೊರಗೆ ಚೆಲ್ಲಿದುದರ ಕುರುಹು. ಆದಕಾರಣ ಅದು ಆಟವನ್ನು ನೋಡಿದ ಮೇಲೆ ಬರತಕ್ಕದ್ದೇ ಹೊರತು ನೋಡುವುದಕ್ಕೆ ಮೊದಲು ಬರತಕ್ಕದ್ದಲ್ಲ. ಆಟವನ್ನು ಕಟ್ಟುವ ವೆಚ್ಚವು ಅರಸನದೋ ಧನಿಕನದೋ ದೇವಸ್ಥಾನದ್ದೋ ಆಗಿದ್ದ ಕಾಲದಲ್ಲಿ ಈ ವಿಂಗಡಣೆಯು ಸಹಜವಾಗಿಯೇ ಇದ್ದಿತು.

ಈಗ ವಿಚಾರಕ್ಕೆ ಬಂದಿರುವ ಪ್ರಶ್ನೆಯು ಇದನ್ನು ತಲೆಕೆಳಗು ಮಾಡಿದೆ. ಇನ್ನೂ ಕಣ್ಣಿಗೆ ಬೀಳದ ನಾಟಕವನ್ನಾಗಲಿ ಚಲಚ್ಚಿತ್ರವನ್ನಾಗಲಿ ಅದರ ಅಭಿಮಾನಿಗಳೇ ಮುಂಗಡವಾಗಿ ಹಣ ಕೊಟ್ಟು ಕಟ್ಟಿಸಬಹುದೆ? ಒಮ್ಮೆ ಕಟ್ಟಿಸಿದರೂ ವರ್ಷದಿಂದ ವರ್ಷಕ್ಕೆ ಅದನ್ನು ನಡೆಸಿಕೊಂಡು ಬರಬಹುದೆ? ಹಾಗೆ ಕೊಟ್ಟವರಿಗೆ ಕೃತಿಯ ಮೇಲೆ ಎಂಥ ಹಕ್ಕು ಹುಟ್ಟುತ್ತದೆ? ಮೊದಲನೆಯ ಪ್ರಶ್ನೆಗೆ ಲೆಕ್ಕಿಗನು ಉತ್ತರ ಹೇಳಬಲ್ಲನು; ಎರಡನೆಯದಕ್ಕೆ ವ್ಯವಹಾರಜ್ಞನು ಹೇಳಬಲ್ಲನು. ಮೂರನೆಯದು ಮಾತ್ರ ವಿಮರ್ಶೆಯ ಪಾಲಿಗೆ ಬಿದ್ದಿದೆ. ಅದನ್ನು ಬಿಟ್ಟು ಮೊದಲಿನೆರಡನ್ನು ಮಾತ್ರ ಆಡುತ್ತಿದ್ದರೆ ಕಲೆಯ ವಿಷಯವು ಕೇವಲ ಚಂದಾ ಪುಸ್ತಕದ ವಿಷಯವಾಗಿಬಿಡುತ್ತದೆ.

೨

ಕನ್ನಡದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಟ್ಟ ಕೃತಿಯು ೨೦೧೩ನೆಯ ಸೆಪ್ಟೆಂಬರಿನಲ್ಲಿ ತೆರೆಗೆ ಬಂದ ‘ಲೂಸಿಯಾ’ ಎಂಬ ಚಲಚ್ಚಿತ್ರ. ಇದರ ನಿರ್ದೇಶಕರು ಪವನ್ ಕುಮಾರರು. ೨೦೧೧ರಲ್ಲಿ ‘ಲೈಫು ಇಷ್ಟೇನೆ’ ಎಂಬ ಚಿತ್ರವನ್ನು ಮಾಡಿದ ಮೇಲೆ ಮುಂದಿನ ಕಥೆಗೆ ಒಪ್ಪುವ ನಿರ್ಮಾಪಕರು ದೊರೆಯದಿರಲು ಅವರು ಅಂತರ್ಜಾಲದಲ್ಲಿ ಒಂದು ಬರಹವನ್ನು ಪ್ರಕಟಿಸಿ, ನೋಡುವವರೇ ಹಣ ಹೂಡಿರೆಂದು ಕೇಳಿಕೊಂಡರು. ೨೭ ದಿನಗಳಲ್ಲಿ ೧೧೦ ಮಂದಿ ಸೇರಿ ಸುಮಾರು ೫೧ ಲಕ್ಷ ರೂಪಾಯಿಗಳನ್ನು ಕೊಟ್ಟರು. ಚಿತ್ರವು ಲಂಡನ್ನಿನ ಭಾರತೀಯ ಚಲಚ್ಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶಿತವಾಗಿ ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿಯನ್ನು ಪಡೆಯಿತು. ೨೦೧೫ರಲ್ಲಿ ತಮಿಳಿಗೂ ಹೋಯಿತು. ಹೆಗ್ಗೋಡಿನ ನೀನಾಸಮ್ ಶಾಲೆಯಲ್ಲಿ ಪಳಗಿದ ಸತೀಶರು ನಾಯಕನ ಪಾತ್ರವನ್ನು ವಹಿಸಿದರು. ಅದೇ ಶಾಲೆಯಿಂದ ಬಂದ, ತಿಪಟೂರಿನವರಾದ ಅಚ್ಯುತ್ ಕುಮಾರರು ಹಳೆಯ ಚಿತ್ರಮಂದಿರದ ಯಜಮಾನನಾಗಿ ಅಭಿನಯಿಸಿದರು.

ಹಣದ ಕಥೆಯು ಹೀಗೆ. ಇದಕ್ಕಿಂತಲೂ ವಿಚಾರಯೋಗ್ಯವಾದುದು ಕೃತಿಯ ಒಳಗಿನ ಕಥೆ. ಹಳ್ಳಿಯಿಂದ ಬಂದ ನಿಕ್ಕಿ ಎಂಬವನು ಬೆಂಗಳೂರಿನ ಚಿತ್ರಮಂದಿರದಲ್ಲಿ ದೀಪ ಹಿಡಿದು ಜನರಿಗೆ ಕುರ್ಚಿ ತೋರಿಸತಕ್ಕ ಆಳು. ನಿದ್ರೆ ಬಾರದ ಅವನಿಗೆ ಒಂದು ಗುಳಿಗೆ ಸಿಕ್ಕುತ್ತದೆ. ಅದನ್ನು ನುಂಗಿದ ರಾತ್ರಿಗಳಲ್ಲಿ ಅವನು ಪ್ರಸಿದ್ಧನಾದ ನಟನಾಗುತ್ತಾನೆ; ನಿನ್ನೆ ನಿಂತ ಕನಸು ಇಂದು ಅಲ್ಲಿಂದಲೇ ಮುಂದುವರಿಯುತ್ತದೆ. ದೀಪದಾಳಿನ ಬಾಳು ಬಣ್ಣದಲ್ಲಿಯೂ ನಟನ ಬಾಳು ಕಪ್ಪುಬಿಳುಪಿನಲ್ಲಿಯೂ ತೋರುತ್ತವೆ. ಕೊನೆಗೆ ತಿಳಿದುಬರುವುದೇನೆಂದರೆ ನಟನೇ ನಿಜ, ದೀಪದಾಳು ಅವನ ಕನಸು.

ಈ ತಿರುವನ್ನು ಜಾಣತನದ ಒಗಟೆಂದು ಹೊಗಳಿದವರುಂಟು, ಒಗಟೆಂದೇ ಹಳಿದವರೂ ಉಂಟು. ಉತ್ತರಾರ್ಧದಲ್ಲಿ ಗಂಟುಗಳು ಅಗತ್ಯಕ್ಕಿಂತ ಹೆಚ್ಚಾದುವೆಂಬುದೂ ನಟನ ಲೋಕದ ಚಿತ್ರಣವು ದೀಪದಾಳಿನ ಲೋಕದಷ್ಟು ತುಂಬಿಕೊಂಡಿಲ್ಲವೆಂಬುದೂ ಒಪ್ಪತಕ್ಕ ಮಾತುಗಳೇ. ಆದರೆ ಹಣವನ್ನು ಕೊಟ್ಟವರು ಯಾರೆಂಬುದನ್ನು ನೆನಪಿನಲ್ಲಿಟ್ಟುಕೊಂಡು ನೋಡಿದರೆ ಈ ತಿರುವಿಗೆ ಬೇರೊಂದು ತೂಕ ಬರುತ್ತದೆ. ತೆರೆಯ ಈಚೆಗೆ ಕತ್ತಲೆಯಲ್ಲಿ ಕುಳಿತವರ ಹಣದಿಂದ ಆದ ಚಿತ್ರವು ಆ ಕತ್ತಲೆಯಲ್ಲಿ ದೀಪ ಹಿಡಿದವನನ್ನೇ ನಾಯಕನನ್ನಾಗಿ ಮಾಡಿಕೊಂಡಿತು. ಅವನ ಬಡಬಾಳಿಗೆ ಬಣ್ಣವನ್ನೆಲ್ಲ ಕೊಟ್ಟಿತು. ಪ್ರೇಕ್ಷಕನ ಮನಸ್ಸು ಆ ಬಾಳಿಗೆ ಒಲಿದ ಮೇಲೆ, ಅದು ಇರಲೇ ಇಲ್ಲ, ಕೀರ್ತಿಯಿಂದ ಬಳಲಿದವನೊಬ್ಬನು ಕಂಡ ಆಸೆ ಮಾತ್ರ ಎಂದುಬಿಟ್ಟಿತು. ಧಣಿಯನ್ನು ಓಲೈಸತಕ್ಕ ಕವಿಯು ಹೀಗೆ ಮಾಡಲಾರನು. ಒಬ್ಬನೇ ನಿರ್ಮಾಪಕನಿದ್ದು, ಕೊನೆಯಲ್ಲಿ ಜನರ ಮನಸ್ಸನ್ನು ಮುರಿಯಬೇಡವೆಂದು ಅವನು ಹೇಳಿದ್ದರೆ ಆ ಮಾತು ಆಜ್ಞೆಯಾಗುತ್ತಿತ್ತು. ೧೧೦ ಮಂದಿಗೆ ಒಂದೇ ರುಚಿಯಿರುವುದಿಲ್ಲ. ಒಂದೇ ರುಚಿಯಿಲ್ಲದವರು ಒಂದೇ ಆಜ್ಞೆಯನ್ನು ಕೊಡಲಾರರು. ಹಲವರ ಹಣವು ಒಂದೆಡೆ ಸೇರಿದಾಗ ಅದು ಯಾರ ಹಣವೂ ಅಲ್ಲದಂತಾಗಿ ಕರ್ತೃವಿನ ಕೈಗೆ ಬಿಡುವು ಸಿಕ್ಕುತ್ತದೆ. ಲೂಸಿಯಾದಲ್ಲಿ ಮೆಚ್ಚತಕ್ಕ ಗುಣಗಳಲ್ಲಿ ಈ ಬಿಡುವೇ ಮುಖ್ಯವಾದುದು.

ಆದರೂ ಇಲ್ಲಿ ಒಂದು ಲೆಕ್ಕವನ್ನು ಮರೆಯಬಾರದು. ೫೧ ಲಕ್ಷವನ್ನು ೧೧೦ರಿಂದ ಭಾಗಿಸಿದರೆ ತಲೆಗೆ ೪೬ ಸಾವಿರಕ್ಕೂ ಮೀರುತ್ತದೆ. ದೀಪದಾಳಿನಂಥವರು ಕೊಡಬಲ್ಲ ಮೊತ್ತವು ಇದಲ್ಲ. ಪ್ರೇಕ್ಷಕರು ಮಾಡಿದ ಚಿತ್ರವೆಂಬ ಮಾತು ಸುಳ್ಳಲ್ಲ. ಆದರೆ ಪ್ರೇಕ್ಷಕಸಮೂಹದಲ್ಲಿ ಅನುಕೂಲವುಳ್ಳ ಒಂದು ಭಾಗವೇ ಅದನ್ನು ಮಾಡಿತೆಂಬುದೂ ಅಷ್ಟೇ ನಿಜ.

೩

ಇದಕ್ಕೆ ಎದುರಾಗಿ ಎರಡು ಉದಾಹರಣೆಗಳನ್ನು ಇಟ್ಟು ನೋಡಬಹುದು. ಒಂದು ಗುಜರಾತಿನದು. ೧೯೭೬ರಲ್ಲಿ ಶ್ಯಾಮ್ ಬೆನಗಲ್ಲರು ‘ಮಂಥನ್’ ಎಂಬ ಹಿಂದೀ ಚಿತ್ರವನ್ನು ಮಾಡಿದಾಗ ಅಲ್ಲಿಯ ಹಾಲಿನ ಸಹಕಾರ ಸಂಘಗಳ ಐದು ಲಕ್ಷ ರೈತರು ತಲೆಗೆ ಎರಡು ರೂಪಾಯಿಯಂತೆ ಹತ್ತು ಲಕ್ಷವನ್ನು ಕೂಡಿಸಿಕೊಟ್ಟರು. ಕನ್ನಡದ ನಾಟಕಕಾರರಾದ ಗಿರೀಶ ಕಾರ್ನಾಡರು ಅದರಲ್ಲಿ ಪಶುವೈದ್ಯನ ಪಾತ್ರವನ್ನು ವಹಿಸಿದ್ದರು. ಕೊಟ್ಟ ರೈತರೇ ಗಾಡಿ ಕಟ್ಟಿಕೊಂಡು ಬಂದು ಅದನ್ನು ನೋಡಿದರು. ಹಾಳಾಗಿದ್ದ ಪ್ರತಿಯನ್ನು ಸರಿಪಡಿಸಿದ ಮೇಲೆ ೨೦೨೪ರಲ್ಲಿ ಫ್ರಾನ್ಸಿನ ಕಾನ್ ಉತ್ಸವದಲ್ಲಿ ಅದು ಮತ್ತೆ ಪ್ರದರ್ಶಿತವಾಯಿತು. ಇನ್ನೊಂದು ಅಮೆರಿಕೆಯದು. ‘ವೆರೋನಿಕಾ ಮಾರ್ಸ್’ ಎಂಬ ದೂರದರ್ಶನದ ಧಾರಾವಾಹಿಯು ೨೦೦೭ರಲ್ಲಿ ನಿಂತುಹೋಗಿತ್ತು. ೨೦೧೩ರಲ್ಲಿ ಅದರ ಕರ್ತೃವು ಅಭಿಮಾನಿಗಳನ್ನು ಕೇಳಿಕೊಳ್ಳಲು ೯೧,೫೮೫ ಮಂದಿ ಸೇರಿ ೫೭ ಲಕ್ಷ ಡಾಲರುಗಳನ್ನು ಕೊಟ್ಟರು. ಅದರಿಂದ ೨೦೧೪ರಲ್ಲಿ ಒಂದು ಚಲಚ್ಚಿತ್ರವಾಯಿತು.

ಮೂರು ಉದಾಹರಣೆಗಳಲ್ಲಿಯೂ ಪ್ರೇಕ್ಷಕನೇ ಕೊಟ್ಟಿದ್ದಾನೆ. ಆದರೆ ಮೂರರಲ್ಲಿಯೂ ಕೊಟ್ಟ ಭಾವವು ಒಂದೇ ಅಲ್ಲ. ಲೂಸಿಯಾಕ್ಕೆ ಕೊಟ್ಟವರು ಒಬ್ಬ ಕರ್ತೃವನ್ನು ನಂಬಿ ಕಾಣದ ಕೃತಿಗೆ ಕೊಟ್ಟರು. ಮಂಥನಕ್ಕೆ ಕೊಟ್ಟವರು ತಮ್ಮದೇ ಬಾಳಿನ ಕಥೆಯನ್ನು ಲೋಕಕ್ಕೆ ಹೇಳಿಸಬೇಕೆಂದು ಕೊಟ್ಟರು. ಅಮೆರಿಕೆಯವರು ಮೊದಲೇ ಕಂಡು ಒಲಿದ ಪಾತ್ರಗಳನ್ನು ಮತ್ತೊಮ್ಮೆ ಕಾಣಬೇಕೆಂದು ಕೊಟ್ಟರು. ಕೃತಿಗಳೂ ಆಯಾ ಭಾವಕ್ಕೆ ತಕ್ಕಂತೆಯೇ ಆದುವು. ಅಮೆರಿಕೆಯ ಚಿತ್ರದಲ್ಲಿ ನಾಯಕಿಯು ಊರಿಗೆ ಮರಳುತ್ತಾಳೆ. ಹತ್ತು ವರ್ಷದ ಹಿಂದಿನ ಸಹಪಾಠಿಗಳೆಲ್ಲ ಒಂದು ಕೂಟದಲ್ಲಿ ಸೇರುತ್ತಾರೆ. ಹಳೆಯ ಮುಖಗಳು ಸಾಲಾಗಿ ಬಂದು ಕಾಣಿಸಿಕೊಂಡು ಹೋಗುತ್ತವೆ. ಹಣ ಕೊಟ್ಟ ಅಭಿಮಾನಿಯ ಆಸೆಯು ಕಥೆಯ ಎಲುಬಾಗಿ ಕುಳಿತಿದೆ. ಅದು ವಂಚನೆಯಲ್ಲ, ವಚನಪಾಲನೆ. ಆದರೆ ವಚನಪಾಲನೆಯೇ ಕಾವ್ಯವಾಗುವುದಿಲ್ಲ. ಕಾಣದುದಕ್ಕೆ ಕೊಟ್ಟ ಹಣವು ಕರ್ತೃವನ್ನು ಬಿಡಿಸುತ್ತದೆ, ಕಂಡುದಕ್ಕೆ ಕೊಟ್ಟ ಹಣವು ಅವನನ್ನು ಕಟ್ಟುತ್ತದೆ ಎಂಬುದು ಇಲ್ಲಿ ತೋರಿಬರುವ ಮೊದಲನೆಯ ತತ್ತ್ವ.

ಇಲ್ಲಿ ಕಾಯಿದೆಯ ಮಾತನ್ನೂ ಒಂದು ಸೊಲ್ಲು ಹೇಳುವುದು ಯುಕ್ತ. ಭಾರತದಲ್ಲಿ ೨೦೧೩ರ ಕಂಪೆನಿ ಕಾಯಿದೆಯಂತೆ, ಸಾರ್ವಜನಿಕರಿಗೆ ವಿಧ್ಯುಕ್ತವಾದ ಪ್ರಕಟಣೆಯನ್ನು ಹೊರಡಿಸದೆ ಖಾಸಗಿಯಾಗಿ ಷೇರು ಕೊಡತಕ್ಕ ಕಂಪೆನಿಯು ಒಂದು ವರ್ಷದಲ್ಲಿ ಸಾಮಾನ್ಯವಾಗಿ ೨೦೦ ಮಂದಿಯನ್ನು ಮೀರಿ ಕೇಳುವಂತಿಲ್ಲ. ಜನರು ಮೋಸಹೋಗಬಾರದೆಂಬುದೇ ಇದರ ಉದ್ದೇಶ. ಇದರ ಫಲವೇನೆಂದರೆ, ಪಾಲುಗಾರನಾಗಿ ಹಣ ಹೂಡತಕ್ಕ ಪ್ರೇಕ್ಷಕರ ಸಂಖ್ಯೆಯು ಚಿಕ್ಕದಾಗಿಯೂ ತಲೆಯ ಮೊತ್ತವು ದೊಡ್ಡದಾಗಿಯೂ ಇರಬೇಕಾಗುತ್ತದೆ. ಐದು ಲಕ್ಷ ಜನರು ಎರಡೆರಡು ರೂಪಾಯಿ ಕೊಡಬೇಕಾದರೆ ಅವರ ನಡುವೆ ಮೊದಲೇ ಒಂದು ಸಂಘವಿರಬೇಕು. ಗುಜರಾತಿನ ರೈತರಿಗೆ ಆ ಸಂಘವನ್ನು ಹಾಲು ಕೊಟ್ಟಿತ್ತು, ಚಿತ್ರವು ಕೊಟ್ಟಿರಲಿಲ್ಲ.

೪

ದೊಡ್ಡ ಊರುಗಳ ಈ ಸಂಗತಿಗಳನ್ನು ಕೇಳಿ, ಇದೊಂದು ಹೊಸ ಆವಿಷ್ಕಾರವೆಂದು ಕೆಂಕೆರೆಯ ರೈತನು ಬೆರಗಾಗಬೇಕಾದ ಕಾರಣವಿಲ್ಲ. ಹುಳಿಯಾರಿನ ನೆರೆಯ ಈ ಕೆಂಕೆರೆಯನ್ನು ಹಿಡಿದು ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ತೆಂಗಿನ ಸೀಮೆಯಲ್ಲಿ ಆಟವನ್ನು ಆಡುವವರೂ ನೋಡುವವರೂ ತಾವೇ ಹಣ ಹಾಕಿ ನಡೆಸಿಕೊಂಡು ಬಂದಿರುವುದು ಎಲ್ಲರೂ ಬಲ್ಲ ಸಂಗತಿ. ಮೂಡಲಪಾಯದ ಬಯಲಾಟವು ಹಾಗೆ ನಡೆಯಿತು. ಅದರ ಬಳಿಕ ಬಂದ ಪೌರಾಣಿಕ ನಾಟಕವೂ ಹಾಗೆಯೇ ನಡೆದಿದೆ. ಸುಗ್ಗಿ ಮುಗಿದು ಜಾತ್ರೆಯು ಹತ್ತಿರ ಬರುತ್ತಲೂ ಊರಿನ ಹತ್ತೆಂಟು ಮಂದಿ ಸೇರಿ ‘ಕುರುಕ್ಷೇತ್ರ’ವನ್ನು ಆಡಬೇಕೆಂದು ನಿಶ್ಚಯಿಸುತ್ತಾರೆ. ಹಾರ್ಮೋನಿಯಂ ಮೇಷ್ಟರು ಬಂದು ತಿಂಗಳುಗಟ್ಟಲೆ ರಾತ್ರಿಯ ಹೊತ್ತು ಹಾಡುಗಳನ್ನೂ ಮಾತುಗಳನ್ನೂ ಕಲಿಸುತ್ತಾರೆ. ಮೇಷ್ಟರ ಸಂಭಾವನೆ, ಪರದೆ ಮತ್ತು ಉಡುಪುಗಳ ಬಾಡಿಗೆ, ಪಟ್ಟಣದಿಂದ ಕರೆಸತಕ್ಕ ಸ್ತ್ರೀಪಾತ್ರದವರ ಗೌರವಧನ, ದೀಪ ಚಪ್ಪರ ಧ್ವನಿವರ್ಧಕಗಳ ಖರ್ಚು ಎಲ್ಲವೂ ಪಾತ್ರಧಾರಿಗಳ ತಲೆಯ ಮೇಲೆ ಹಂಚಿಕೆಯಾಗುತ್ತದೆ. ನೋಡುವವರಿಗೆ ಟಿಕೀಟಿಲ್ಲ.

ಈ ಹಂಚಿಕೆಯು ಸಮನಾಗಿರುವುದಿಲ್ಲ. ದುರ್ಯೋಧನನಿಗೂ ಕೃಷ್ಣನಿಗೂ ಹೆಚ್ಚು, ಸಾತ್ಯಕಿಗೆ ಕಡಮೆ. ಹಣ ಕೊಡಬಲ್ಲವರು ಹಲವರಿದ್ದರೆ ಒಂದೇ ರಾತ್ರಿಯಲ್ಲಿ ಮೊದಲಿನ ಅಂಕಕ್ಕೆ ಒಬ್ಬ ಕೃಷ್ಣ, ನಡುವಿನದಕ್ಕೆ ಇನ್ನೊಬ್ಬ, ಕೊನೆಯದಕ್ಕೆ ಮತ್ತೊಬ್ಬ ಎಂಬಂತೆ ಪಾತ್ರವನ್ನೇ ಸೀಳಿ ಕೊಡುವುದುಂಟು. ಆಟದ ನಡುವೆ ನೆಂಟರು ರಂಗವನ್ನೇರಿ ಹಾರ ಹಾಕಿ ನೋಟುಗಳನ್ನು ಸಲ್ಲಿಸುತ್ತಾರೆ. ಯುದ್ಧವು ಅಷ್ಟು ಹೊತ್ತು ತಡೆದುನಿಲ್ಲುತ್ತದೆ. ಮದುವೆಯ ಮುಯ್ಯಿಯಂತೆ ಇದಕ್ಕೂ ಮನಸ್ಸಿನಲ್ಲಿ ಲೆಕ್ಕವುಂಟು: ಅವರ ಮನೆಯ ಹುಡುಗನು ಕರ್ಣನಾದಾಗ ಇವರು ಹೋಗಿ ಕೊಡಬೇಕು.

ಇದರ ಸೊಗಸನ್ನು ಅಲ್ಲಗಳೆಯುವುದು ಅರಸಿಕತೆ. ಪಂಡಿತರ ಸಭೆಯಿಂದ ದೂರವಾದ ಊರುಗಳಲ್ಲಿ ಮಹಾಭಾರತವನ್ನು ಬಾಯಲ್ಲಿ ಉಳಿಸಿದುದರಲ್ಲಿ ಈ ನಾಟಕಗಳ ಪಾಲು ದೊಡ್ಡದು. ಭರತನು ಹೇಳಿದ ವಸ್ತ್ರದಾನವನ್ನು ಇಂದಿಗೂ ಕಣ್ಣಾರೆ ಕಾಣಬೇಕಾದರೆ ಈ ಹಳ್ಳಿಯ ರಂಗದ ಮುಂದೆಯೇ ಕುಳಿತುಕೊಳ್ಳಬೇಕು. ಹಗಲೆಲ್ಲ ತೋಟದಲ್ಲಿ ಕಾಯಿ ಸುಲಿದವನು ರಾತ್ರಿ ಕಿರೀಟ ಧರಿಸಿ ಊರಿನ ಎದುರಿಗೆ ರಾಜನಾಗಿ ನಿಲ್ಲುವುದು ಚಿಕ್ಕ ಸಂಗತಿಯಲ್ಲ. ಲೂಸಿಯಾದ ದೀಪದಾಳು ಗುಳಿಗೆ ನುಂಗಿ ಕಂಡ ಕನಸನ್ನು ಇವನು ತನ್ನ ಗಳಿಕೆಯಿಂದಲೇ ಕೊಂಡು ಎಚ್ಚರದಲ್ಲಿ ಕಾಣುತ್ತಾನೆ.

ಆದರೂ ವಿಮರ್ಶೆಯು ಇಲ್ಲಿ ಒಂದು ಕಠಿಣವಾದ ಮಾತನ್ನು ಹೇಳಲೇಬೇಕು. ಪಾತ್ರವು ಹಣಕ್ಕೆ ಸಿಕ್ಕತಕ್ಕ ವಸ್ತುವಾದಲ್ಲಿ ಕಂಠವುಳ್ಳ ಬಡವನು ಸಭೆಯಲ್ಲಿ ಕುಳಿತು, ಕಂಠವಿಲ್ಲದ ಅನುಕೂಲಸ್ಥನ ಹಾಡನ್ನು ಕೇಳಬೇಕಾಗುತ್ತದೆ. ಅಭ್ಯಾಸದ ಮನೆಯ ಹೊರಗೆ ನಿಂತೇ ಎಲ್ಲ ಹಾಡುಗಳನ್ನೂ ಕಲಿತುಕೊಂಡ ಕೂಲಿಯವನ ಮಗನು ಇಲ್ಲದ ಊರು ಯಾವುದು? ಅವನ ಪಾಲಿಗೆ ಬರುವುದು ಪರದೆ ಎಳೆಯುವ ಕೆಲಸ. ಹೆಚ್ಚೆಂದರೆ ದೂತನ ವೇಷ. ಮೂವರು ಕೃಷ್ಣರಲ್ಲಿ ಹರಿದುಹೋದ ಪಾತ್ರಕ್ಕೆ ಭಾವದ ಏಕತೆಯೆಲ್ಲಿ? ಸಂಧಾನದಲ್ಲಿ ಸೌಮ್ಯನಾಗಿದ್ದವನೇ ಯುದ್ಧದಲ್ಲಿ ಉಗ್ರನಾದನೆಂಬ ಬೆಳವಣಿಗೆಯನ್ನು ನೋಟಕನು ಯಾರ ಮುಖದಲ್ಲಿ ಕಾಣಬೇಕು? ಕೊಟ್ಟವನಿಗೆ ರಂಗದ ಮೇಲೆ ಒಂದು ಭಾಗವನ್ನು ಅಳೆದುಕೊಟ್ಟ ಕೂಡಲೆ ನಾಟಕವು ಒಂದು ಕೃತಿಯಾಗಿ ಉಳಿಯದೆ, ಪಾಲು ಹಾಕಿದ ತೋಟವಾಗುತ್ತದೆ. ಹಣ ಕೊಟ್ಟವನು ಆಟವನ್ನು ಪಡೆಯಬಹುದು, ಆಟದೊಳಗಿನ ಪಾತ್ರವನ್ನು ಪಡೆಯಬಾರದು ಎಂಬುದು ಎರಡನೆಯ ತತ್ತ್ವ.

೫

ಇನ್ನು ನಿರಂತರವಾಗಿ ನಡೆಯತಕ್ಕ ಕಲೆಯ ವಿಚಾರ. ಒಂದು ಕೃತಿಗೆ ಒಮ್ಮೆ ಹಣ ಕೂಡಿಸುವುದಕ್ಕೆ ಉತ್ಸಾಹವು ಸಾಕು. ಹತ್ತು ವರ್ಷ ನಡೆಯತಕ್ಕ ಮಂಡಳಿಗೆ, ಮನೆಮಕ್ಕಳುಳ್ಳ ನಟರಿಗೆ, ಮಳೆಗಾಲದ ಕೈಕಟ್ಟಿನ ತಿಂಗಳುಗಳಿಗೆ ಉತ್ಸಾಹವು ಸಾಲದು. ತೆಂಗಿನ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಂಡೆ ಕೊಬ್ಬರಿಯಾಗಬೇಕಾದರೆ ಕಾಯನ್ನು ಅಟ್ಟದ ಮೇಲೆ ಎಂಟುಹತ್ತು ತಿಂಗಳು ಒಣಗಲು ಬಿಡಬೇಕು. ಅಷ್ಟು ಕಾಲ ಮನೆಯು ಬೇರೆಯ ಆದಾಯದಿಂದ ನಡೆಯಬೇಕು. ಅವಸರಪಟ್ಟು ಒಡೆದವನಿಗೆ ಕೊಬ್ಬರಿಯೂ ಇಲ್ಲ, ತಿಪಟೂರಿನ ಪೇಟೆಯ ಬೆಲೆಯೂ ಇಲ್ಲ. ಕಲೆಯ ಅಟ್ಟವೂ ಅಂಥದೇ.

ಈ ಜಿಲ್ಲೆಯ ಗುಬ್ಬಿಯಲ್ಲಿ ೧೮೮೪ರಲ್ಲಿ ಊರಿನ ಆಸಕ್ತರು ಕೂಡಿ, ಊರಿನ ಚನ್ನಬಸವೇಶ್ವರನ ಹೆಸರಿನಲ್ಲಿ ಕಟ್ಟಿದ ನಾಟಕಸಂಘವು ಇದಕ್ಕೆ ಮೊದಲ ನಿದರ್ಶನ. ಆರಂಭದಲ್ಲಿ ಅದೂ ಊರವರದೇ. ಆದರೆ ಊರನ್ನು ಬಿಟ್ಟು ನಾಡನ್ನು ಸುತ್ತತೊಡಗಿದ ಮೇಲೆ ಅದು ನಿಂತುದು ಟಿಕೀಟಿನ ಮೇಲೆಯೂ ಒಬ್ಬ ಯಜಮಾನನ ಧೈರ್ಯದ ಮೇಲೆಯೂ. ಬಾಲ್ಯದಲ್ಲಿಯೇ ಕಂಪೆನಿಯನ್ನು ಸೇರಿದ ಗುಬ್ಬಿ ವೀರಣ್ಣನವರು ೧೯೧೭ರಲ್ಲಿ ಅದರ ಒಡೆತನವನ್ನು ವಹಿಸಿಕೊಂಡರು. ೧೯೩೪ರ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಟಿಕೀಟಿನ ಹಣವು ಪ್ರೇಕ್ಷಕನದೇ ಅಲ್ಲವೆ ಎಂದು ಕೇಳಬಹುದು. ಅಹುದು, ಆದರೆ ಅದು ಆಟವು ಸಿದ್ಧವಾದ ಮೇಲೆ ಬರುವ ಹಣ. ಸಿದ್ಧವಾಗುವ ವರೆಗಿನ ಗಂಡಾಂತರವು ಯಜಮಾನನದು. ಯಜಮಾನನು ಹೋದಲ್ಲಿ ಆ ಗಂಡಾಂತರವನ್ನು ಹೊರುವವರಿಲ್ಲದೆ ಎಷ್ಟೋ ಕಂಪೆನಿಗಳು ಮುಚ್ಚಿಹೋದುವು.

ಪಶ್ಚಿಮ ಕರಾವಳಿಯ ಯಕ್ಷಗಾನದಲ್ಲಿ ಬೇರೊಂದು ದಾರಿಯು ಕಾಣುತ್ತದೆ. ಕಟೀಲು, ಮಂದಾರ್ತಿ ಮೊದಲಾದ ಕ್ಷೇತ್ರಗಳ ಮೇಳಗಳು ದೀಪಾವಳಿಯ ಆಚೆಗೆ ಹೊರಟು ಮಳೆಗಾಲದ ಅಂಚಿನ ವರೆಗೆ ಪ್ರತಿರಾತ್ರಿಯೂ ಒಂದೊಂದು ಊರಿನಲ್ಲಿ ಆಡುತ್ತವೆ. ಪ್ರತಿರಾತ್ರಿಯ ವೆಚ್ಚವನ್ನು ಒಬ್ಬೊಬ್ಬ ಭಕ್ತನು ಹರಕೆಯಾಗಿ ಕೊಡುತ್ತಾನೆ. ಆಟವು ಅವನ ಅಂಗಳದಲ್ಲಿಯೋ ಗದ್ದೆಯ ಬಯಲಿನಲ್ಲಿಯೋ ನಡೆಯುತ್ತದೆ. ಊರೆಲ್ಲ ಹಣವಿಲ್ಲದೆ ನೋಡುತ್ತದೆ. ಹರಕೆಯ ಸರದಿಗಾಗಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಕಾಯುವವರು ಹೆಚ್ಚಾದುದರಿಂದಲೇ ಒಂದೊಂದು ಕ್ಷೇತ್ರದ ಹೆಸರಿನಲ್ಲಿ ಹಲವು ಮೇಳಗಳು ಏಕಕಾಲದಲ್ಲಿ ಹೊರಡುವಂತಾಯಿತು. ಪ್ರೇಕ್ಷಕರೇ ನೇರವಾಗಿ ಹಣ ಕೊಟ್ಟು ಒಂದು ಕಲೆಯನ್ನು ವರ್ಷವರ್ಷವೂ ನಡೆಸಬಹುದೆ ಎಂಬ ಪ್ರಶ್ನೆಗೆ ಇದಕ್ಕಿಂತ ನಿಸ್ಸಂದಿಗ್ಧವಾದ ಉತ್ತರವು ಕನ್ನಡನಾಡಿನಲ್ಲಿ ಮತ್ತೊಂದಿಲ್ಲ. ಇದರ ಗುಟ್ಟು ಭಕ್ತಿಯೊಂದೇ ಅಲ್ಲ, ಸರದಿಯೂ ಹೌದು. ಕೊಡುವವನು ಮೇಳದ ಭಾರವನ್ನು ವರ್ಷವೆಲ್ಲ ಹೊರುವುದಿಲ್ಲ. ಒಂದು ರಾತ್ರಿಯನ್ನು ಮಾತ್ರ ಹೊರುತ್ತಾನೆ. ನಾಳಿನ ರಾತ್ರಿಗೆ ಮತ್ತೊಬ್ಬನು ಸಿದ್ಧನಾಗಿದ್ದಾನೆ.

ಇದಕ್ಕೂ ಒಂದು ಬೆಲೆಯುಂಟು. ಹರಕೆ ಹೊತ್ತವನೇ ಪ್ರಸಂಗವನ್ನು ಆರಿಸುವುದರಿಂದ ದೇವಿಯ ಕ್ಷೇತ್ರದ ಮೇಳದಲ್ಲಿ ದೇವೀಮಾಹಾತ್ಮ್ಯವೇ ಮತ್ತೆ ಮತ್ತೆ ಬರುತ್ತದೆ; ಹೊಸ ಪ್ರಸಂಗಕ್ಕೆ ರಾತ್ರಿಗಳು ದುರ್ಲಭ. ಟಿಕೀಟಿನಿಂದ ಬದುಕಿದ ಡೇರೆಯ ಮೇಳಗಳು ಇದಕ್ಕೆ ವಿರುದ್ಧವಾಗಿ, ಜನರನ್ನು ಸೆಳೆಯುವುದಕ್ಕೆಂದು ಕಲ್ಪಿತವಾದ ಹೊಸ ಕಥೆಗಳನ್ನು ಕನ್ನಡದಲ್ಲಿಯೂ ತುಳುವಿನಲ್ಲಿಯೂ ತಂದುವು; ಆದರೆ ಅವುಗಳಲ್ಲಿ ಹಲವು ನಿಂತುಹೋದುವು. ಹರಕೆಯ ಹಣವು ಪುನರಾವೃತ್ತಿಯ ಕಡೆಗೂ ಟಿಕೀಟಿನ ಹಣವು ನವೀನತೆಯ ಕಡೆಗೂ ಎಳೆಯುತ್ತವೆ. ಮೊದಲನೆಯದರಲ್ಲಿ ಬಾಳಿಕೆ ಹೆಚ್ಚು, ಎರಡನೆಯದರಲ್ಲಿ ಸಾಹಸ ಹೆಚ್ಚು. ಹೀಗಿದ್ದರೂ ಹರಕೆಯ ಆಟವು ಜಡವಾಗದೆ ಉಳಿದುದಕ್ಕೆ ಕಾರಣವು ಆ ಕಲೆಯ ರೂಪದಲ್ಲಿಯೇ ಇದೆ. ಯಕ್ಷಗಾನದಲ್ಲಿ ಪದ್ಯವು ಗೊತ್ತಾದುದು, ಅರ್ಥವು ಆಯಾ ರಾತ್ರಿಯಲ್ಲಿಯೇ ಹುಟ್ಟತಕ್ಕದ್ದು. ಪ್ರಸಂಗವನ್ನು ಆರಿಸುವವನು ಹರಕೆದಾರ; ಮಾತನ್ನು ಆರಿಸುವವನು ಕಲಾವಿದ. ಮಹಿಷಾಸುರನು ನೂರನೆಯ ಸಲ ಬಂದಾಗಲೂ ಅವನ ಮಾತು ಹೊಸದಾಗಿರಬಹುದು. ಹಣದ ಹಕ್ಕು ಅಂಗಳದ ವರೆಗೆ ಬಂದು ಚೌಕಿಯ ಬಾಗಿಲಿನಲ್ಲಿ ನಿಲ್ಲುತ್ತದೆ. ಕೆಂಕೆರೆಯ ನಾಟಕದಲ್ಲಿ ಇಲ್ಲದಿರುವುದು ಈ ಬಾಗಿಲೇ.

ಹೊಸ ರಂಗಭೂಮಿಯಲ್ಲಿ ಇಂಥ ಸರದಿಯನ್ನು ಭಕ್ತಿಯ ನೆರವಿಲ್ಲದೆಯೂ ಕಟ್ಟಲಾಗಿದೆ. ೧೯೪೯ರಲ್ಲಿ ಹುಟ್ಟಿದ ಹೆಗ್ಗೋಡಿನ ನೀನಾಸಮ್ ೧೯೮೫ರಲ್ಲಿ ‘ತಿರುಗಾಟ’ವನ್ನು ಆರಂಭಿಸಿತು. ವರ್ಷಕ್ಕೊಮ್ಮೆ ಹೊಸ ನಾಟಕಗಳನ್ನು ಸಿದ್ಧಪಡಿಸಿ ತಂಡವು ಹೊರಡುತ್ತದೆ. ಊರೂರಿನ ಸಂಘಗಳು ಒಂದೆರಡು ರಾತ್ರಿಗಳನ್ನು ವಹಿಸಿಕೊಂಡು, ತಂಡವನ್ನು ಬರಮಾಡಿಕೊಂಡು, ತಮ್ಮವರಿಗೆ ತೋರಿಸುತ್ತವೆ. ಕೆಂಕೆರೆಗೆ ಅನತಿದೂರದ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ ೧೯೯೭ರಲ್ಲಿ ಹೊರಟ ‘ಶಿವಸಂಚಾರ’ವೂ ಹೀಗೆಯೇ ಊರೂರನ್ನು ಸುತ್ತಿದೆ, ಅದಕ್ಕೆ ಮಠದ ಆಸರೆಯೂ ಉಂಟು. ಇವೆರಡರಲ್ಲಿಯೂ ಯಾವ ನಾಟಕವೆಂಬುದನ್ನು ನಿಶ್ಚಯಿಸತಕ್ಕವರು ತಂಡದವರು, ಯಾವ ರಾತ್ರಿಯೆಂಬುದನ್ನು ನಿಶ್ಚಯಿಸತಕ್ಕವರು ಊರವರು. ಹರಕೆಯ ಆಟದಲ್ಲಿ ಕೊಡುವವನ ಕೈಯಲ್ಲಿದ್ದ ಪ್ರಸಂಗದ ಆಯ್ಕೆಯು ಇಲ್ಲಿ ಮಾಡುವವನ ಕೈಗೆ ಬಂದಿದೆ. ಬಾಳಿಕೆಯನ್ನೂ ಸಾಹಸವನ್ನೂ ಒಟ್ಟಿಗೆ ಕಟ್ಟುವ ಪ್ರಯತ್ನವೆಂದು ಇದನ್ನು ಕರೆಯಬಹುದು.

೬

ಇಷ್ಟರಿಂದ ನಿಶ್ಚಯವಾಗುವುದೇನು? ಪ್ರೇಕ್ಷಕರು ನೇರವಾಗಿ ಹಣ ಕೊಟ್ಟು ಕೃತಿಯನ್ನು ಹುಟ್ಟಿಸಬಲ್ಲರೆಂಬುದಕ್ಕೆ ಲೂಸಿಯಾ, ಮಂಥನಗಳು ಸಾಕ್ಷಿ. ನಡೆಸಿಕೊಂಡು ಬರಬಲ್ಲರೆಂಬುದಕ್ಕೆ ಹರಕೆಯ ಮೇಳಗಳೂ ತಿರುಗಾಟವೂ ಸಾಕ್ಷಿ. ಆದರೆ ನಡೆಸತಕ್ಕ ಹಣವು ಅಭಿಮಾನದ ಉಬ್ಬರವಾಗಿರದೆ ಸರದಿಯ ಹರಿವಾಗಿರಬೇಕು. ಕೊಡುವವರ ನಡುವೆ ದೇವರೋ ಊರೋ ಸಂಘವೋ ಏನಾದರೊಂದು ಮೊದಲೇ ಇರುವ ಕಟ್ಟು ಬೇಕು. ಕೊಟ್ಟವನ ಹಕ್ಕು ಎಲ್ಲಿ ನಿಲ್ಲತಕ್ಕದ್ದೆಂಬ ಗೆರೆಯು ಮೊದಲೇ ಎಳೆದಿರಬೇಕು. ಈ ಗೆರೆಯಿಲ್ಲದ ಕಡೆಯಲ್ಲಿ ಅಭಿಮಾನಿಯು ಧಣಿಯಾಗುತ್ತಾನೆ. ಧಣಿಯಾದ ಅಭಿಮಾನಿಗೆ ತಾನು ಮೆಚ್ಚಿದ್ದೇ ಮತ್ತೆ ಬೇಕು. ಆಗ ಕಲೆಯು ನಿಲ್ಲುತ್ತದೆ, ಬೆಳೆಯುವುದಿಲ್ಲ.

ತೆಂಗಿನ ಸೀಮೆಯ ಊರುಗಳು ಇದರಿಂದ ಕಲಿಯತಕ್ಕದ್ದು ದೊಡ್ಡ ಸಂಗತಿಯೇನೂ ಅಲ್ಲ. ಜಾತ್ರೆಯ ನಾಟಕಕ್ಕೆ ಬರುವ ಹಣವು ಹೇಗೂ ಊರಿನದೇ. ಅದನ್ನು ಪಾತ್ರಗಳ ಮೇಲೆ ಹಂಚದೆ ಒಂದೇ ಚೀಲಕ್ಕೆ ಹಾಕಿ, ಯಾರು ಯಾವ ಪಾತ್ರಕ್ಕೆ ತಕ್ಕವರೆಂಬುದನ್ನು ಹಾರ್ಮೋನಿಯಂ ಮೇಷ್ಟರ ಕಿವಿಗೆ ಬಿಟ್ಟುಕೊಟ್ಟರೆ ಸಾಕು. ಹೆಚ್ಚು ಕೊಟ್ಟವನಿಗೆ ಮೊದಲನೆಯ ಸಾಲಿನ ಚಾಪೆಯನ್ನು ಕೊಡಲಿ, ಕರಪತ್ರದ ತಲೆಯಲ್ಲಿ ಹೆಸರು ಹಾಕಲಿ, ಮಂಗಳಾರತಿಯನ್ನು ಅವನ ಕೈಯಿಂದ ಎತ್ತಿಸಲಿ. ಹಾಗೆ ಮಾಡಿದರೆ ಕೊಡುವವರು ಕಡಮೆಯಾಗುವರೆಂದು ಕೆಲವರು ಅಂಜಬಹುದು. ವೇಷದ ಆಸೆಯೇ ಹಣದ ಕೈಯನ್ನು ಬಿಚ್ಚಿಸುವುದೆಂಬುದು ಆ ಅಂಜಿಕೆಯ ಬೇರು. ಅದು ನಿರಾಧಾರವಲ್ಲ. ಆದರೆ ಕರಾವಳಿಯ ಹರಕೆದಾರನು ತಾನು ವೇಷ ಹಾಕುವೆನೆಂದು ಕೊಟ್ಟವನಲ್ಲ. ಎರಡು ರೂಪಾಯಿಯ ಗುಜರಾತಿನ ರೈತನೂ ಅಲ್ಲ. ಒಂದು ವರ್ಷಕ್ಕೊಮ್ಮೆ, ಒಂದು ಊರಿನಲ್ಲಿ, ಪರೀಕ್ಷಾರ್ಥವಾಗಿ ಹೀಗೆ ಮಾಡಿ ನೋಡುವುದರಿಂದ ನಷ್ಟವಿಲ್ಲ.

ಅಂಥ ಒಂದು ರಾತ್ರಿ ಪರದೆ ಎಳೆಯತಕ್ಕ ಹುಡುಗನು ಪರದೆಯ ಈಚೆಗೆ ಬಂದು ಕರ್ಣನಾಗಿ ಹಾಡಿದರೆ, ಮೊದಲನೆಯ ಸಾಲಿನಲ್ಲಿ ಕುಳಿತ ಅನುಕೂಲಸ್ಥನು ಎದ್ದುನಿಂತು ಹೆಗಲಿನ ಶಲ್ಯವನ್ನು ತೆಗೆದುಕೊಡುವನು. ಆ ಶಲ್ಯವು ಚಂದಾ ಅಲ್ಲ, ಪಾಲೂ ಅಲ್ಲ, ಮುಯ್ಯಿಯೂ ಅಲ್ಲ. ಭರತನು ಸಿದ್ಧಿಯೆಂದು ಎಣಿಸಿದುದು ಅದನ್ನೇ.